ಒಂದೇ ಬೆಳಿಗ್ಗೆ ಹೂಬಿಟ್ಟ ಮರಗಳು

ಜನವರಿ ೧೧

ಗುಬ್ಬಿಗೆ,

ನಿನ್ನ ಮಾವ ಬದುಕಿದ್ದಾನೆ, ಚೆನ್ನಾಗಿಯೇ ಬದುಕಿದ್ದಾನೆ ಎಂದು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಕಾಗದ ಮುಗಿಯುವವರೆಗೆ ನಿನ್ನ ಅಮ್ಮ ಮೂಗು ಒರೆಸಿಕೊಳ್ಳುತ್ತಾ ಕೂರುತ್ತಾಳೆ. ನನ್ನ ಅಕ್ಕ ನನಗೆ ಗೊತ್ತಿಲ್ಲವೇ? ಫೋನ್ ಮಾಡು ಎನ್ನುತ್ತೀಯ. ಫೋನಿನಲ್ಲಿ ನಾನು ಸ್ವಾರಸ್ಯದ ಜಾಗಕ್ಕೆ ಬರುವಷ್ಟರಲ್ಲಿ "ಮೀಟಿಂಗ್ ಇದೆ ಮಾವ" ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಮಧ್ಯದಲ್ಲಿ ಇಡಲಾಗದು. ಅದೂ ನನ್ನ ಅಕ್ಷರದ ಕಾಗದವನ್ನು! ಏಳನೇ ಕ್ಲಾಸಿನಲ್ಲಿ ನನ್ನ ಕಾಪಿಯನ್ನು ಮೇಷ್ಟ್ರು ಪಕ್ಕದ ಊರಿನ ಶಾಲೆಗೆ ಕಳಿಸಿ, "ಅಕ್ಷರ ಅಂದರೆ ಹೀಗಿರಬೇಕು" ಎಂದು ಅಲ್ಲಿಯ ಮಕ್ಕಳಿಗೆ ತೋರಿಸಿ ಬೈಯಿಸಿದ್ದರು.

ಈಗ ಕೆಲಸದ ಮಾತು. ನೆರೆ ಬಂದು ಕೊಚ್ಚಿಕೊಂಡು ಹೋದ ಮೂರು ಬೀದಿಗಳ ಜಾಗದಲ್ಲಿ, ಅಂದರೆ ನಮ್ಮ ಹೊಳೆಯ ತಿರುವಿನಲ್ಲಿ, ಇಲ್ಲಿಯದೇ ಮರಗಳ ಕಾಡು ಎಬ್ಬಿಸಬೇಕು, ನೀರಿನಂಚಿಗೆ ನೀರವಂಜಿ ಮರದ ಕಡ್ಡಿ ಊರಬೇಕು ಎಂದು ನೀನು ಆಫೀಸಿನಿಂದ ಬರೆದಿದ್ದೆ. ಕಡ್ಡಿಗಳನ್ನು ಒಂದೇ ಮರದಿಂದ ಕಡಿಯಬಾರದು, ಹೊಳೆಯುದ್ದಕ್ಕೂ ನಡೆದು ನಲವತ್ತು ಮರಗಳನ್ನು ಹುಡುಕಿ, ಒಂದೊಂದರಿಂದ ಸ್ವಲ್ಪ ಸ್ವಲ್ಪ ತೆಗೆಯಬೇಕು ಎಂದು ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೆ. ಆಯಿತು ತಾಯಿ. ಒಂದೇ ವಾರದಲ್ಲಿ ಆಯಿತು. ಸೇತುವೆಯ ಕೆಳಗಿನ ಮರ ಗೂನುಬೆನ್ನಿನದು. ಇಟ್ಟಿಗೆ ಗೂಡಿನ ಹಿಂದಿನದಕ್ಕೆ ಸಿಡಿಲು ಬಡಿದು ಅರ್ಧ ತಲೆ ಬೋಳು. ಪಂಪ್‌ಹೌಸಿನ ಪಕ್ಕದ ಎರಡು, ಜಗಳವಾಡಿದ ಅಣ್ಣತಮ್ಮಂದಿರ ಹಾಗೆ ಒಂದಕ್ಕೊಂದು ಬೆನ್ನು ಹಾಕಿ ನಿಂತಿವೆ. ಉಳಿದವನ್ನೆಲ್ಲ ಬರೆದರೆ ಅಂಚೆಯವನು ಹೆಚ್ಚು ಸ್ಟಾಂಪು ಕೇಳುತ್ತಾನೆ. ಕಡ್ಡಿಗಳು ಹೆಬ್ಬೆರಳ ದಪ್ಪ, ಮೊಳದುದ್ದ, ಕೆಳಗೆ ಓರೆ, ಮೇಲೆ ನೇರ. ಬಡಗಿಯ ಕೈ ಅಂದರೆ ಸುಮ್ಮನೆಯೇ? ಎಲ್ಲವೂ ನನ್ನ ಶೆಡ್ಡಿನಲ್ಲಿ ಒದ್ದೆ ಗೋಣಿಯ ಕೆಳಗೆ ಮಲಗಿವೆ.

ನೀನು ಸಿಕ್ಕಿದ್ದು ಹೊಳೆಯ ಅದೃಷ್ಟ. ನಾನು ಸಿಕ್ಕಿದ್ದು ನಿನ್ನ ಅದೃಷ್ಟ. ಇದನ್ನು ನಿನ್ನ ಮೇಲಿನವರಿಗೆ ಓದಿ ಹೇಳು.

ನಿನ್ನ ಮಾವ

---

ಜನವರಿ ೨೪

ಮಾವ,

ಅಮ್ಮ ಮೂಗು ಒರೆಸಿಕೊಂಡಳು, ಆದರೆ ನಕ್ಕು. ಪಂಪ್‌ಹೌಸಿನ ಅಣ್ಣತಮ್ಮಂದಿರ ಕಥೆಯನ್ನು ಆಫೀಸಿನಲ್ಲೂ ಹೇಳಿದೆ. "ನಲವತ್ತು ತಾಯಿಮರಗಳಿಂದ ಕಡ್ಡಿ ಸಂಗ್ರಹವಾಗಿದೆ" ಎಂದು, ತಿರುವಿಗೆ ಮರವೋ ಗೋಡೆಯೋ ಎಂದು ತೀರ್ಮಾನಿಸುವ ಸಮಿತಿಗೆ ಬರೆದು ಸಹಿ ಹಾಕಿದ್ದೇನೆ.

ನೆಡುವಾಗ ಒಂದೇ ಲೆಕ್ಕ ನೆನಪಿಟ್ಟುಕೋ. ಎಲ್ಲಿ ನೀರು ಎಷ್ಟು ದಿನ ನಿಲ್ಲುತ್ತದೆಯೋ ಅದನ್ನು ನೋಡಿ ಮರ ಆರಿಸು. ವಾರಗಟ್ಟಲೆ ನಿಲ್ಲುವ ಅಂಚಿಗೆ ನೀರವಂಜಿ. ಅದರ ಮೇಲಿನ ಇಳಿಜಾರಿಗೆ ಹೊಳೆಮತ್ತಿ, ಹೊಂಗೆ. ನೀರು ಬಂದು ಮುಖ ತೋರಿಸಿ ಹೋಗುವ ದಿಬ್ಬಕ್ಕೆ ಅತ್ತಿ, ನೇರಳೆ. ಬೇಗ ಬೆಳೆಯುತ್ತದೆ ಎಂದು ಯಾರಾದರೂ ನೀಲಗಿರಿ ತಂದು ಕೊಟ್ಟರೆ ಮುಟ್ಟಬೇಡ.

ಸಮಿತಿಯ ಷರತ್ತು ಕಠಿಣವಾಗಿದೆ. ಗೋಡೆ ಕಟ್ಟುವ ಎಂಜಿನಿಯರ್ ಸಭೆಯಲ್ಲಿ ಎದ್ದು, "ನೆಟ್ಟ ಮರ ಸತ್ತರೆ ಮತ್ತೆ ಯಾರು ನೆಡ್ತಾರೆ?" ಎಂದು ಕೇಳಿದರು. "ಗೋಡೆ ಒಡೆದರೆ ನಾವು ಕಟ್ಟಬೇಕು ಸರ್, ಮರ ತಾನೇ ಹುಟ್ಟುತ್ತೆ" ಎಂದೆ. "ಹಾಗಾದ್ರೆ ಹುಟ್ಟಿದ್ದನ್ನ ತೋರಿಸಿ" ಎಂದು ಅಧ್ಯಕ್ಷರು ಹಿಡಿದುಕೊಂಡರು. ಬರುವ ವರ್ಷದ ಏಪ್ರಿಲ್‌ಗೆ ಅಂಚಿನ ಮೆಕ್ಕಲಿನಲ್ಲಿ ತಾವಾಗಿ ಹುಟ್ಟಿದ ಸಸಿ ಕಾಣಬೇಕು. ಕಾಣದಿದ್ದರೆ ತಿರುವಿನುದ್ದಕ್ಕೂ ಕಲ್ಲುಗೋಡೆ.

"ಸ್ವಂತ ಸೋದರಮಾವನೇ ಬೇಕಿತ್ತಾ?" ಎಂದೂ ಕೇಳಿದರು. "ಅವರಷ್ಟು ಆ ಹೊಳೆ ಗೊತ್ತಿರೋರು ಇಲ್ಲ" ಎಂದೆ.

ಗುಬ್ಬಿ

---

ಜೂನ್ ೩

ಗುಬ್ಬಿಗೆ,

ಸರಿಯಾದ ಉತ್ತರವನ್ನೇ ಕೊಟ್ಟಿದ್ದೀಯ. ನನ್ನ ಬಾಯಿಂದ ಬಂದಿದ್ದರೆ ಇನ್ನೂ ಸ್ವಲ್ಪ ಉದ್ದವಾಗಿರುತ್ತಿತ್ತು, ಅಷ್ಟೇ.

ನೆಟ್ಟದ್ದಾಯಿತು. ಆಳುಗಳು ಊರಿದರು, ನಾನು ದಿಬ್ಬದ ಮೇಲೆ ಕುರ್ಚಿ ಹಾಕಿಸಿಕೊಂಡು ಸೇನಾಪತಿಯ ಹಾಗೆ ಕೂತು ಕೈ ತೋರಿಸಿದೆ. ಕಡ್ಡಿಗಳೆಲ್ಲ ಚಿಗುರಿವೆ. ಒಂದಾದರೂ ಒಣಗಬೇಡವೇ? ಇಲ್ಲ! ನಿನ್ನ ಗೋಡೆ ಎಂಜಿನಿಯರ್ ಬಂದಿದ್ದ. ನಾನು ಅವನಿಗೆ ಗೋಡೆಪ್ಪ ಎಂದು ಹೆಸರಿಟ್ಟಿದ್ದೇನೆ, ಆಳುಗಳೂ ಹಾಗೆಯೇ ಕರೆಯುತ್ತಾರೆ.

"ಯಜಮಾನ್ರೇ, ಈ ಕಡ್ಡಿ ನೀರು ತಡೀತಾವಾ?" ಎಂದ.

"ತಡೆಯೋಕಲ್ಲ ಸ್ವಾಮಿ, ಬಗ್ಗೋಕೆ. ಬಗ್ಗಿ ಮತ್ತೆ ಏಳೋಕೆ. ನಿಮ್ಮ ಗೋಡೆಗೆ ಬಗ್ಗೋಕೆ ಬರುತ್ತಾ?"

"ನನ್ನ ಗೋಡೆ ನೂರು ವರ್ಷ ನಿಲ್ಲುತ್ತೆ."

"ನೀವು ನಿಲ್ಲಲ್ವಲ್ಲ! ಬಿದ್ದ ದಿನ ಯಾರನ್ನ ಹಿಡ್ಕೊಂಡು ಕೇಳೋದು?"

ಅವನ ಜೀಪು ಹೊರಟ ರಭಸ ನೋಡಬೇಕಿತ್ತು ನೀನು.

ಇನ್ನೊಂದು ಪರೋಪಕಾರವನ್ನೂ ಮಾಡಿದೆ. ನಮ್ಮ ಬೀದಿ ಕೊನೆಯ ಲಾಂಡ್ರಿಯಮ್ಮನ ಹಿತ್ತಿಲಿನಲ್ಲಿ ಒಂದು ಗಲೀಜು ಮರವಿದೆ. ಬೇಸಿಗೆ ಬಂತೆಂದರೆ ಅರಳೆ ಉದುರಿಸಿ ಒದ್ದೆ ಬಟ್ಟೆಗೆಲ್ಲ ಮೆತ್ತುತ್ತದೆ. ಕಡಿಯಲು ಪುರಸಭೆಗೆ ಅರ್ಜಿ ಬರೆದುಕೊಡು ಎಂದಳು. ಎಂಥ ಅರ್ಜಿ ಬರೆದೆ ಗೊತ್ತೇ? "ನಾಗರಿಕರ ಶ್ವಾಸಕ್ಕೂ ಶುಭ್ರತೆಗೂ ಸಮಾನ ಶತ್ರುವಾದ ಈ ವೃಕ್ಷ..." ಗುಮಾಸ್ತೆ ಅದನ್ನು ನಿಂತುಕೊಂಡು ಓದಿದನಂತೆ.

ನಿನ್ನ ಮಾವ

---

ಸೆಪ್ಟೆಂಬರ್ ೮

ಮಾವ,

ಜುಲೈಯಿಂದ ನಿನ್ನ ಒಂದು ಸಾಲೂ ಬಂದಿಲ್ಲ. ಟೀವಿಯಲ್ಲಿ ಸೇತುವೆ ಮುಳುಗಿದ್ದನ್ನು ತೋರಿಸಿದರು, ತಿರುವನ್ನು ತೋರಿಸಲಿಲ್ಲ. ಫೋನು ಹೋಗುತ್ತಿಲ್ಲ. ರಾತ್ರಿ ಅಮ್ಮ ಏಳುತ್ತಾಳೆ, ಅವಳನ್ನು ಮಲಗಿಸಿ ನಾನು ಎದ್ದು ಕೂರುತ್ತೇನೆ. ಮರ ಹೋದರೂ ಪರವಾಗಿಲ್ಲ, ನೀನು ಹೇಗಿದ್ದೀಯ ಎಂದು ಮೊದಲು ಬರೆ.

ಪರವಾಗಿಲ್ಲ ಎಂದು ಬರೆದದ್ದು ಸುಳ್ಳು. ಮರಗಳ ಬಗ್ಗೆಯೂ ಬರೆ.

ಗುಬ್ಬಿ

---

ಸೆಪ್ಟೆಂಬರ್ ೨೫

ಗುಬ್ಬಿಗೆ,

ನೀರು ನನ್ನ ಶೆಡ್ಡಿನ ಮೆಟ್ಟಿಲು ಮುಟ್ಟಿ, ನನ್ನ ಮುಖ ನೋಡಿ, ಹಿಂದೆ ಹೋಯಿತು. ಅಂಚೆಯವನ ಸೈಕಲ್ಲನ್ನು ಮಾತ್ರ ಒಯ್ದಿತು, ಅದಕ್ಕೇ ಕಾಗದ ತಡ.

ನಿನ್ನ ನೀರವಂಜಿಗಳು! ಹನ್ನೊಂದು ದಿನ ನೀರಿನ ಕೆಳಗೆ ಅಂಗಾತ ಬಿದ್ದಿದ್ದವು. ಲಾಂಡ್ರಿಯಮ್ಮ, "ಮುಗೀತು ಬಿಡು, ನಿನ್ನ ಸೊಸೆಗೆ ಬರೆದುಬಿಡು" ಎಂದಳು. ನೀರು ಇಳಿದ ಮೇಲೆ ಮೈಯೆಲ್ಲ ಕೆಸರು ಮೆತ್ತಿಕೊಂಡು, ಏಟು ತಿಂದ ಹುಡುಗರ ಹಾಗೆ ಒಂದೊಂದೇ ತಲೆಯೆತ್ತಿದವು. ಬುಡದಲ್ಲಿ ಮೆಕ್ಕಲು ಹಿಡಿದುಕೊಂಡಿವೆ. ಗೋಡೆಪ್ಪ ಮಾದರಿಗೆಂದು ಮೇಲ್ಗಡೆ ಕಟ್ಟಿದ್ದ ಹತ್ತಡಿ ಗೋಡೆಯ ಬುಡ ಕೊರೆದುಹೋಗಿ ಮಂಡಿಯೂರಿದೆ. ನಾನು ನಗಲಿಲ್ಲ. ಜೋರಾಗಿ ನಗಲಿಲ್ಲ.

ಹತ್ತಿರ ಹೋಗಿ ನೋಡಲು ಬಿಡುವಾಗಿಲ್ಲ. ಕಿಟಕಿಯಿಂದಲೇ ಚೆನ್ನಾಗಿ ಕಾಣುತ್ತದೆ.

ನಿನ್ನ ಮಾವ

---

ಡಿಸೆಂಬರ್ ೧೪

ಗುಬ್ಬಿಗೆ,

ಓದುವ ಮೊದಲು ಕೂತುಕೋ. ಹೂ!

ನೆಟ್ಟು ವರ್ಷ ತುಂಬಿಲ್ಲ, ಹೂ! ನಿನ್ನೆ ಸಂಜೆ ಬರೀ ಮೊಗ್ಗಿನ ಕಡ್ಡಿಗಳು. ಇವತ್ತು ಬೆಳಿಗ್ಗೆ ಕಿಟಕಿ ತೆರೆದರೆ ಈ ತುದಿಯಿಂದ ಆ ತುದಿಯವರೆಗೆ ಹಳದಿ. ಒಂದು ಮುಂದಿಲ್ಲ, ಒಂದು ಹಿಂದಿಲ್ಲ. ಡ್ರಿಲ್ ಮೇಷ್ಟ್ರು ಸೀಟಿ ಊದಿದಂತೆ ಎಲ್ಲವೂ ಒಂದೇ ಬೆಳಿಗ್ಗೆ! ಎಲ್ಲದರ ಹೂವೂ ಬೆರಳುದ್ದ, ಎಲ್ಲದರದೂ ಹಳದಿ ಪುಡಿ. ಜೇನ್ನೊಣಗಳ ಗದ್ದಲ ನನ್ನ ಶೆಡ್ಡಿನವರೆಗೆ ಕೇಳಿಸುತ್ತದೆ. ಇಂಥ ಶಿಸ್ತನ್ನು ನೀನು ಯಾವ ಕಾಡಿನಲ್ಲಿ ಕಂಡಿದ್ದೀಯ? ಬೀದಿಯವರೆಲ್ಲ ಬಂದು ನೋಡಿ ಹೋದರು. "ಎಲ್ಲ ಕಡ್ಡಿ ಆರಿಸೋದರಲ್ಲಿದೆ" ಎಂದು ಹೇಳಿ ಹೇಳಿ ಗಂಟಲು ಕಟ್ಟಿದೆ.

ಇದನ್ನು ಸಮಿತಿಗೆ ಕಳಿಸು. ಫೋಟೋ ಬೇಕಾದರೆ ಫೋಟೋದವನನ್ನು ಕರೆಸುತ್ತೇನೆ. ಮಧ್ಯದಲ್ಲಿ ನಾನು ನಿಲ್ಲುತ್ತೇನೆ.

ನಿನ್ನ ಮಾವ

---

ಡಿಸೆಂಬರ್ ೨೨

ಮಾವ,

ನಲವತ್ತು ತಾಯಂದಿರ ಮಕ್ಕಳು ಒಂದೇ ಬೆಳಿಗ್ಗೆ ಏಳುವುದಿಲ್ಲ.

ನೀರವಂಜಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹಳದಿ ಪುಡಿಯ ಹೂವು ಗಂಡಿನದು. ಹೆಣ್ಣಿನ ಹೂವು ಹಸಿರು, ಅದು ಕಾಯಿಯಾಗಿ ಒಡೆದು ಅರಳೆ ಹಾರಿಸುತ್ತದೆ. ಆ ಅರಳೆಯಲ್ಲಿ ಬೀಜ ಇರುವುದು. ನಲವತ್ತು ಮರಗಳಿಂದ ತಂದಿದ್ದರೆ ಅರ್ಧ ಹಸಿರು ಇರಬೇಕಿತ್ತು, ಕೆಲವು ಮೊದಲು, ಕೆಲವು ತಡವಾಗಿ ಹೂ ಬಿಡಬೇಕಿತ್ತು. ಒಂದೇ ದಿನ, ಒಂದೇ ಅಳತೆ, ಒಂದೇ ಬಣ್ಣ ಎಂದರೆ ಅದು ಕಾಡಲ್ಲ ಮಾವ. ಸಾವಿರ ಕಡೆ ನಿಂತ ಒಂದೇ ಮರ.

ಒಂದು ರೋಗ ಬಂದರೆ ಎಲ್ಲಕ್ಕೂ ಬರುತ್ತದೆ. ಒಂದು ಬೀಜವೂ ಆಗುವುದಿಲ್ಲ. ಏಪ್ರಿಲ್‌ಗೆ ಸಮಿತಿ ಮೆಕ್ಕಲಿನಲ್ಲಿ ಏನು ನೋಡುತ್ತದೆ?

ಎಷ್ಟು ಮರಗಳಿಂದ ಕಡಿದೆ? ಕಥೆ ಬೇಡ. ಸಂಖ್ಯೆ ಬರೆ.

ಗುಬ್ಬಿ

---

ಜನವರಿ ೨

ಗುಬ್ಬಿಗೆ,

ಮರಗಳಲ್ಲೂ ಗಂಡು ಹೆಣ್ಣು ಎಂದು ಪಂಕ್ತಿ ಬೇರೆ ಮಾಡುವ ಕಾಲ ಬಂತೇ ಎಂದು ಒಂದು ಪುಟ ಬರೆದಿದ್ದೆ, ಹರಿದು ಹಾಕಿದೆ. ಎರಡನೆಯ ಪುಟದಲ್ಲಿ ತಪ್ಪನ್ನು ಆಳುಗಳ ಮೇಲೆ ಹಾಕಿದ್ದೆ, ಅದನ್ನೂ ಹರಿದೆ. ಮನೆಯಲ್ಲಿ ಕಾಗದ ಮುಗಿಯುತ್ತಾ ಬಂತು.

ಒಂದು.

ಕಡ್ಡಿ ಕಡಿಯಬೇಕೆಂದು ನೀನು ಬರೆಯುವ ಹದಿನೈದು ದಿನ ಮೊದಲು ಏಣಿಯಿಂದ ಬಿದ್ದಿದ್ದೆ. ಮಂಡಿ ಕುಂಬಳಕಾಯಿಯಾಗಿತ್ತು. ಹೇಳಿದ್ದರೆ ಅಕ್ಕ ಬಂದು ನನ್ನ ಎದೆಯ ಮೇಲೆ ಕೂರುತ್ತಿದ್ದಳು, ನೀನು ಕೆಲಸವನ್ನು ಬೇರೆಯವರಿಗೆ ಕೊಡುತ್ತಿದ್ದೆ. ಶೆಡ್ಡಿನ ಹಿಂದೆ ಒಂದು ನೀರವಂಜಿ ಇದೆ. ನೀನು ಅದನ್ನು ನೋಡಿಲ್ಲ ಅಂತಲ್ಲ, ನೋಡುವ ಹಾಗೆ ನೋಡಿಲ್ಲ. ನೇರ, ನೀಟು, ಒಂದು ಎಳೆ ಅರಳೆ ಉದುರಿಸಿ ಯಾರಿಗೂ ತೊಂದರೆ ಕೊಟ್ಟದ್ದಿಲ್ಲ. ಇಂಥ ಶಿಸ್ತಿನ ಮರದ ಮಕ್ಕಳೂ ಶಿಸ್ತಾಗಿಯೇ ಇರುತ್ತವೆ ಎಂದುಕೊಂಡೆ. ಶಿಸ್ತಾಗಿಯೇ ಇವೆ, ಅದೇ ಈಗ ಕುತ್ತಿಗೆಗೆ ಬಂತು.

ನೋಡು, ಇದು ನಿನಗೆ ಗೊತ್ತು, ನನಗೆ ಗೊತ್ತು. ಮರದ ಚಡ್ಡಿ ಬಿಚ್ಚಿ ನೋಡುವ ಸಮಿತಿ ಎಲ್ಲಾದರೂ ಇದೆಯೇ? ನೀನು ಬಾಯಿ ಬಿಡಬೇಡ. ಏಪ್ರಿಲ್‌ವರೆಗೆ ಏನಾದರೂ ಮಾಡೋಣ. ನಿನ್ನ ಸಹಿಗೆ ಮಸಿ ಬಳಿಯಲು ನಾನು ಬಿಡುವುದಿಲ್ಲ.

ನಿನ್ನ ಮಾವ

---

ಜನವರಿ ೯

ಮಾವ,

ಮಂಡಿಯನ್ನು ಡಾಕ್ಟರಿಗೆ ತೋರಿಸು. ಇದು ಅಮ್ಮನ ಸಾಲು. ಇನ್ನೂ ಹತ್ತು ಸಾಲು ಹೇಳಿದಳು, ಬರೆಯುತ್ತಿಲ್ಲ.

ನನ್ನ ಸಾಲುಗಳು ಇವು. ಒಂದೇ ಒಂದು ಹೆಣ್ಣು ಮರ ಬೇಕು. ಅರ್ಧ ಮೈಲಿಯೊಳಗೆ ಇರಬೇಕು. ಇದ್ದರೆ, ಈಗ ಅದಕ್ಕೆ ನಮ್ಮ ಗಂಡುಗಳ ಪುಡಿ ತಾಗಿ ಕಾಯಿ ಕಟ್ಟಿರುತ್ತದೆ. ಫೆಬ್ರವರಿಯ ಕೊನೆಗೆ ಅರಳೆ ಹಾರಬೇಕು, ಆಗ ಮೆಕ್ಕಲು ಒದ್ದೆಯಾಗಿರಬೇಕು. ಬೀಜ ನಾಲ್ಕೈದು ದಿನವಷ್ಟೇ ಬದುಕುತ್ತದೆ, ಒಣ ನೆಲಕ್ಕೆ ಬಿದ್ದರೆ ಅಲ್ಲಿಗೆ ಮುಗಿಯಿತು. ಯಾರನ್ನಾದರೂ ಕಳಿಸಿ ಹುಡುಕಿಸು. ನೀನು ನಡೆಯಬೇಡ.

ಬಾಯಿ ಬಿಡುವ ವಿಷಯ ನನಗೆ ಬಿಡು.

ಗುಬ್ಬಿ

---

ಜನವರಿ ೨೮

ಗುಬ್ಬಿಗೆ,

ನಡೆಯಲಿಲ್ಲ. ಲಾಂಡ್ರಿಯ ತಳ್ಳುಗಾಡಿಯಲ್ಲಿ ಕೂತು ಹೋದೆ. ಗಾಡಿ ಎರವಲು, ತಳ್ಳಿದ್ದು ನಮ್ಮ ಆಳು.

ಸೇತುವೆಯ ಕೆಳಗೆ ನಾನು ಬರೆದ ಗೂನುಬೆನ್ನಿನ ಮರವಿಲ್ಲ, ಇರಲೇ ಇಲ್ಲ. ಆದರೆ ಅಲ್ಲಿ ಬೊಡ್ಡೆಗಳಿವೆ. ಮನೆಮನೆಗೂ ಹೋಗಿ "ನಿಮ್ಮ ಹಿತ್ತಿಲಲ್ಲಿ ಹೆಣ್ಣಿದೆಯಾ?" ಎಂದು ಕೇಳಿದೆ. ಈ ವಯಸ್ಸಿನಲ್ಲಿ ಇವನಿಗೇನು ಬಂತು ಎಂದು ಒಂದು ಮನೆಯವರು ಬಾಗಿಲು ಹಾಕಿಕೊಂಡರು. ಎಲ್ಲ ಕಡೆಯೂ ಒಂದೇ ಕಥೆ. ಅರಳೆ ಉದುರಿಸುವ ಮರ ಇತ್ತು, ಕೆಮ್ಮು ಬರುತ್ತದೆ ಎಂದು ಕಡಿಸಿದೆವು, ನೆರಳಿಗೆ ಈ ನೀಟಾದದ್ದನ್ನು ಉಳಿಸಿಕೊಂಡೆವು. ಇಡೀ ಊರು ನನ್ನ ಹಾಗೆಯೇ ಯೋಚಿಸಿದೆ. ಜೀವನದಲ್ಲಿ ಮೊದಲ ಬಾರಿಗೆ ನನ್ನ ಮಾತನ್ನು ಊರು ಒಪ್ಪಿದ್ದು ನೋಡಿ ನನಗೆ ಸಂತೋಷವಾಗಲಿಲ್ಲ.

ಉಳಿದದ್ದು ಒಂದೇ. ಲಾಂಡ್ರಿಯಮ್ಮನ ಹಿತ್ತಿಲಿನ ಗಲೀಜು ಮರ. ಹತ್ತಿರ ಹೋಗಿ ಕೊಂಬೆ ಬಗ್ಗಿಸಿದರೆ ಹಸಿರು ಗೊಂಚಲು, ತುಂಬ ಸಣ್ಣ ಕಾಯಿ. ಬುಡದಲ್ಲಿ ಪುರಸಭೆಯ ಕೆಂಪು ಗುರುತು. ನನ್ನ ಅರ್ಜಿ ಮಂಜೂರಾಗಿದೆ! ಫೆಬ್ರವರಿ ಮೊದಲ ವಾರದಲ್ಲಿ ಕಡಿಯುತ್ತಾರೆ.

ಪುರಸಭೆಗೆ ಓಡಿದೆ. ಅಂದರೆ ತಳ್ಳಿಸಿಕೊಂಡು ಹೋದೆ. ಕಡಿಯಬೇಡಿ ಎಂದು ಅಲ್ಲೇ ಎರಡನೆಯ ಅರ್ಜಿ ಬರೆದುಕೊಟ್ಟೆ. ಗುಮಾಸ್ತೆ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡ.

"ಯಜಮಾನ್ರೇ, ಅದರಲ್ಲಿ ಶತ್ರು ಅಂತೀರಿ, ಇದರಲ್ಲಿ ಜನನಿ ಅಂತೀರಿ. ಎರಡೂ ನಿಮ್ಮದೇ ಅಕ್ಷರ. ಯಾವುದನ್ನ ನಂಬೋಣ?"

"ಎರಡನೇದನ್ನ ನಂಬಿ."

"ಮೂರನೇದು ಬರೋ ತನಕ ಕಾಯ್ತೀನಿ ಬಿಡಿ. ಮರ ಅವರದು. ಅವರು ಬಂದು ಬೇಡ ಅಂದ್ರೆ ಮಾತ್ರ ನಿಲ್ಸೋದು."

ಲಾಂಡ್ರಿಯಮ್ಮ ಬಕೆಟ್ಟು ಕೆಳಗಿಟ್ಟು ಸೊಂಟಕ್ಕೆ ಕೈ ಕೊಟ್ಟಳು. "ಈಗ ಉಳಿಸಬೇಕಾ? ಅರಳೆ ಮೆತ್ತಿದ ಶೀಟು ತಗೊಂಡು ಹೋದ್ರೆ ನರ್ಸಿಂಗ್ ಹೋಮಿನೋರು ಮುಖಕ್ಕೆ ಎಸೀತಾರೆ. ನೀನು ಒಗೀತೀಯಾ?"

"ಅರಳೆ ಒಳಗೆ ಬರದ ಹಾಗೆ ಒಣಗಿಸೋ ಮನೆ ಕಟ್ಟಿಕೊಡ್ತೀನಿ."

"ಕುಂಟಿಕೊಂಡು?"

"ಬಡಗಿ ಕೈಯಲ್ಲಿ ಕೆಲಸ ಮಾಡ್ತಾನೆ ಕಣಮ್ಮ, ಕಾಲಲ್ಲಲ್ಲ."

"ಬಾಯಲ್ಲಿ ಅಂತ ತಿಳ್ಕೊಂಡಿದ್ದೆ" ಎಂದಳು. ಆದರೂ ಗುಮಾಸ್ತೆಯ ಬಳಿ ಬಂದು ಹೇಳಿದಳು, ಬರುವಾಗ ಗಾಡಿಯಲ್ಲಿ ನನ್ನನ್ನೂ ಕೂರಿಸಿ ತಳ್ಳಿದಳು. ಈಗ ಶೆಡ್ಡಿನಲ್ಲಿದ್ದ ಬಾಗಿಲು, ಕಿಟಕಿಯ ಚೌಕಟ್ಟು ಎಲ್ಲ ಅವಳ ಹಿತ್ತಿಲಿನಲ್ಲಿವೆ. ಸೊಳ್ಳೆಪರದೆ ಹೊಡೆಯುವುದು ಬಾಕಿ. ಮಧ್ಯಮಧ್ಯ ಶೀಟು ಮಡಿಸಲು ಕೂರಿಸುತ್ತಾಳೆ. ನನ್ನ ಮಡಿಕೆಯಷ್ಟು ನೇರವಾದ ಮಡಿಕೆ ಆ ಲಾಂಡ್ರಿ ಕಂಡಿಲ್ಲ.

ನಿನ್ನ ಮಾವ

---

ಫೆಬ್ರವರಿ ೬

ಮಾವ,

ಮರ ಉಳಿಯಿತು ಎಂಬಲ್ಲಿಯವರೆಗೆ ಅಮ್ಮನಿಗೂ ಓದಿ ಹೇಳಿದೆ. ಅರಳೆ ಹಾರಿದ ದಿನ ಬರೆ. ಇನ್ನು ಮುಂದೆ ಆಫೀಸಿನ ವಿಳಾಸಕ್ಕೆ ಬೇಡ, ಹಿಂದಿನ ಕಟ್ಟಡದ ಬೀಜದ ಉಗ್ರಾಣಕ್ಕೆ ಬರೆ. ನನ್ನ ಕುರ್ಚಿ ಅಲ್ಲಿಗೆ ಬಂದಿದೆ.

ಗುಬ್ಬಿ

---

ಮಾರ್ಚ್ ೩

ಗುಬ್ಬಿಗೆ,

ಉಗ್ರಾಣವೆಂದರೆ ಮೇಲಿನ ಹುದ್ದೆ ಎಂದು ಬೀದಿಗೆಲ್ಲ ಸಾರಿಬಿಟ್ಟಿದ್ದೆ! "ಇಡೀ ನಾಡಿನ ಬೀಜ ಅವಳ ಕೈಯಲ್ಲಿದೆ" ಎಂದಿದ್ದೆ.

ನಿನ್ನ ಜಾಗಕ್ಕೆ ಬಂದ ಕನ್ನಡಕದ ಸಾಹೇಬ ನಿನ್ನೆ ಇಲ್ಲಿದ್ದರು. ಒಳ್ಳೆಯವರು, ಕುರ್ಚಿ ಕೊಟ್ಟರೆ ಕೂರುವವರು. ಮಾತಿನ ನಡುವೆ, "ನಿಮ್ಮ ಸೊಸೆ ಹಾಗೆ ಬರೆದುಕೊಡಬಾರದಿತ್ತು" ಎಂದರು. ಏನು ಬರೆದುಕೊಟ್ಟಳು ಎಂದೆ. ನನ್ನ ಕಾಗದ ತಲುಪಿದ ದಿನವೇ ನೀನು ಸಮಿತಿಗೆ ಹೋಗಿ, ಕಡ್ಡಿಗಳೆಲ್ಲ ಒಂದೇ ಮರದವು, ಕಣ್ಣಾರೆ ನೋಡದೆ ಸಹಿ ಹಾಕಿದ್ದು ತನ್ನದೇ ತಪ್ಪು ಎಂದೆಯಂತೆ. ನನ್ನ ಹೆಸರೇ ಇಲ್ಲವಂತೆ ಅದರಲ್ಲಿ. ಅದಕ್ಕೇ ಮೇಲಿನವರು ತಿರುವನ್ನು ನಿನ್ನ ಕೈಯಿಂದ ಕಿತ್ತುಕೊಂಡು, ಚೀಲಕ್ಕೆ ಚೀಟಿ ಅಂಟಿಸಲು ಉಗ್ರಾಣದಲ್ಲಿ ಕೂರಿಸಿದ್ದಾರೆ.

ಎರಡು ತಿಂಗಳು ನನ್ನ ಹತ್ತಿರ ಮುಚ್ಚಿಟ್ಟೆ. ಮಾವನಿಗೆ ತಕ್ಕ ಸೊಸೆ. ನಾನು ಒಂದು ಮುಚ್ಚಿಟ್ಟರೆ ನೀನು ಒಂದು. ನನ್ನ ತಪ್ಪನ್ನು ನನ್ನಿಂದ ಕಿತ್ತುಕೊಳ್ಳಲು ನಿನಗೆ ಯಾರು ಹೇಳಿದರು? ಸಿಟ್ಟು ಬಂದಿದೆ. ಯಾರ ಮೇಲೆ ಎಂದು ಇನ್ನೂ ತೀರ್ಮಾನವಾಗಿಲ್ಲ.

ಅರಳೆ ಫೆಬ್ರವರಿ ೨೫ಕ್ಕೆ ಹಾರಿತು. ಗಾಳಿ ಹೊಳೆಯ ಕಡೆಗಿತ್ತು. ಲಾಂಡ್ರಿಯಮ್ಮನ ಶೀಟಿಗೆ ಒಂದೆಳೆ ಮೆತ್ತಲಿಲ್ಲ. ಮೆಕ್ಕಲೆಲ್ಲ ಬಿಳಿಯಾಯಿತು. ನೋಡಿ ಕುಣಿಯಬೇಕಿತ್ತು. ಗೋಡೆಪ್ಪನ ಲಾರಿಗಳು ಅದೇ ಹೊತ್ತಿಗೆ ದಿಬ್ಬದ ಮೇಲೆ ಕಲ್ಲು ಇಳಿಸುತ್ತಿದ್ದವು.

ನಿನ್ನ ಮಾವ

---

ಮಾರ್ಚ್ ೧೦

ಮಾವ,

ಸಹಿ ನನ್ನದು, ಹಾಗಾಗಿ ತಪ್ಪೂ ನನ್ನದು. ನಿನಗೆ ಹೇಳಿದ್ದರೆ ನೀನು ಸಮಿತಿಗೆ ಎಂಟು ಪುಟದ ಕಾಗದ ಬರೆಯುತ್ತಿದ್ದೆ, ಮರ ಹುಡುಕುವುದು ಬಿಟ್ಟು.

ಇನ್ನೊಂದು ಸಂಗತಿಯಿದೆ. ಇದನ್ನು ಹೊಸ ಸಾಹೇಬರು ಹೇಳಿರಲಾರರು. ಸಸಿ ಯಾವ ಜಾತಿಯದು ಎಂದು ಗುರುತಿಸಿ ಸಮಿತಿಗೆ ಸಹಿ ಹಾಕುವುದು ಬೀಜದ ಉಗ್ರಾಣದ ಕೆಲಸ. ಇಲ್ಲಿ ಆ ಕೆಲಸ ಬಲ್ಲವಳು ನಾನೊಬ್ಬಳೇ.

ಆದ್ದರಿಂದ ಸರಿಯಾಗಿ ಓದು. ತಿಂಗಳು ಕಳೆದ ಮೇಲೆ ಮೆಕ್ಕಲಿನ ಹತ್ತಿರ ಹೋಗಿ ಏನು ಹುಟ್ಟಿದೆ ಎಂದು ನೋಡು. ನೀರವಂಜಿಯ ಸಸಿ ಹೇಗಿರುತ್ತದೆ ಎಂದು ನಾನು ಬರೆಯುವುದಿಲ್ಲ. ಬರೆದರೆ ನಿನಗೆ ಕಂಡ ಕಡೆಯೆಲ್ಲ ಅದೇ ಕಾಣುತ್ತದೆ, ಕಾಣದಿದ್ದರೂ ಕಂಡಿತು ಎಂದು ಬರೆಯುತ್ತೀಯ. ಏನಿದೆಯೋ ಅದನ್ನು ಬರೆ.

ಗುಬ್ಬಿ

---

ಏಪ್ರಿಲ್ ೪

ಗುಬ್ಬಿಗೆ,

ನೀನು ಬರೆದ ಕೊನೆಯ ಮಾತು ಚುಚ್ಚಿತು. ಚುಚ್ಚಬೇಕಾದದ್ದೇ.

ಮೇಲಿನ ಅಂಚಿನ ಮೆಕ್ಕಲು ಒಣಗಿ ಬಿರುಕು ಬಿಟ್ಟಿದೆ, ಅಲ್ಲಿ ಏನೂ ಇಲ್ಲ. ಕೆಳಗೆ, ನೀರಿನಿಂದ ಎರಡು ಮಾರು ದೂರದಲ್ಲಿ, ಒಂದು ಹಸಿರು ಪಟ್ಟಿ. ನಿಂತು ನೋಡಿದರೆ ಪಾಚಿ. ಹೊಟ್ಟೆಯ ಮೇಲೆ ಮಲಗಿ ನೋಡಿದರೆ ಗಿಡ. ಮೂರು ಬಗೆ ಇವೆ. ಒಂದು ಹುಲ್ಲು. ಒಂದರ ಎಲೆಗಳು ಜೋಡಿಜೋಡಿ, ಎದುರುಬದುರು, ಉಜ್ಜಿದರೆ ಕಟು ವಾಸನೆ. ಮೂರನೆಯದು ತೀರ ಸಣ್ಣದು, ಉಗುರಿನುದ್ದ. ಬುಡದಲ್ಲಿ ಎರಡು ದುಂಡನೆಯ ಎಲೆ, ಸಾಸಿವೆ ಕಾಳಿನಷ್ಟು, ಹಳದಿಯಾಗಿ ಉದುರುವುದರಲ್ಲಿವೆ. ಅದರ ಮೇಲಿನವು ಎದುರುಬದುರಾಗಿಲ್ಲ, ಒಂದು ಈ ಕಡೆ, ಸ್ವಲ್ಪ ಮೇಲೆ ಇನ್ನೊಂದು ಆ ಕಡೆ. ಕಿರಿದು, ತುದಿ ಚೂಪು. ಅಂಚಿನಲ್ಲಿ ಹಲ್ಲುಗಳಿವೆ, ಭೂತಗನ್ನಡಿ ಹಿಡಿದರೆ ಮಾತ್ರ ಕಾಣುತ್ತವೆ. ಎಲೆಯ ಕೆಳಮೈ ಬೂದಿ ಬಳಿದಂತೆ ಬಿಳಿಚು. ಕಾಂಡ ಕೆಂಪು. ಬಹಳಷ್ಟನ್ನು ಬಸವನಹುಳು ತಿಂದಿದೆ, ಬರೀ ಕಾಂಡ ನಿಂತಿವೆ. ಬಾತುಗಳು ಓಡಾಡಿದ ಕಡೆ ಒಂದೂ ಇಲ್ಲ. ಅಂಗೈ ಅಗಲದಲ್ಲಿ ಒಂದು ಕಡೆ ಐದು, ಒಂದು ಕಡೆ ಎರಡು, ಹಲವು ಕಡೆ ಸೊನ್ನೆ.

ಕನ್ನಡಕದ ಸಾಹೇಬರನ್ನು ಕರೆದು ತೋರಿಸಿದೆ. "ನಾನು ಲೆಕ್ಕದ ಕಡೆಯವನು, ನಂಗೆ ಎಲ್ಲ ಸೊಪ್ಪೂ ಒಂದೇ. ನೀವು ಹೌದು ಅಂದ್ರೂ ಬರೆಯೋಕಾಗಲ್ಲ, ಬೇಜಾರು ಮಾಡ್ಕೋಬೇಡಿ" ಎಂದರು. ಬೇಜಾರು ಮಾಡಿಕೊಳ್ಳಲು ನನಗೇನು ಹಕ್ಕಿದೆ? ಒಂದನ್ನು ಕಿತ್ತು ಕಳಿಸಿ ಎಂದರು. ಬೇರು ಕೂದಲಿನಷ್ಟಿದೆ, ನಿನ್ನ ಕೈಗೆ ಬರುವುದು ಹುಡಿ. ಸಮಿತಿ ಶುಕ್ರವಾರ ಸೇರುತ್ತದಂತೆ. ಸೋಮವಾರ ಗೋಡೆಪ್ಪನ ಆಳುಗಳು ಪಾಯ ತೋಡುತ್ತಾರೆ, ನೇರ ಆ ಹಸಿರು ಪಟ್ಟಿಯ ಮೇಲೆಯೇ ದಾರ ಎಳೆದಿದ್ದಾರೆ.

ಇದು ನೀರವಂಜಿಯೋ ಅಲ್ಲವೋ ನನಗೆ ಗೊತ್ತಿಲ್ಲ.

ನಿನ್ನ ಮಾವ

---

ಏಪ್ರಿಲ್, ಶುಕ್ರವಾರ ಸಂಜೆ

ಮಾವ,

ಇದನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತಿದ್ದೇನೆ. ಅಂಚೆಗೆ ಹಾಕಿದರೆ ಸೋಮವಾರಕ್ಕೆ ತಲುಪುವುದಿಲ್ಲ.

ನಿನ್ನ ಕಾಗದವನ್ನು ಬೀಜದ ಚೀಲಗಳ ನಡುವೆ ಕೂತು ಓದಿದೆ. ಮತ್ತೆ ಮತ್ತೆ ಓದಿದೆ. ಎದುರಿಗೆ ಸಹಿಯ ಹಾಳೆ ಇತ್ತು. ಹೋದ ಸಲವೂ ನಿನ್ನ ಕಾಗದ ಓದಿಯೇ, ಕಣ್ಣಾರೆ ನೋಡದೆ ಸಹಿ ಹಾಕಿದ್ದೆ. ಈ ಸಲವೂ ನೋಡಿಲ್ಲ. ತಪ್ಪಾದರೆ ಉಗ್ರಾಣವೂ ಇಲ್ಲ, ಮನೆಗೆ ಹೋಗಬೇಕಾದೀತು ಎಂದು ಅಮ್ಮನಿಗೂ ಹೇಳಿದೆ. "ಅವನನ್ನು ಕೇಳಿ ಯಾವತ್ತು ಯಾರು ಉದ್ಧಾರವಾಗಿದ್ದಾರೆ? ಸಹಿ ಹಾಕು" ಎಂದಳು. ಅವಳ ತರ್ಕ ನನಗೂ ಅರ್ಥವಾಗಲಿಲ್ಲ.

ಹಾಕಿದೆ. ಆ ಮೆಕ್ಕಲಿನ ಬಗ್ಗೆ ಬರೆದ ಪುಟದಲ್ಲಿ ನೀನು ಎಲ್ಲೂ ಇಲ್ಲ ಮಾವ. ಬರೀ ಗಿಡವಿದೆ, ಬಸವನಹುಳು ಇದೆ, ಸೊನ್ನೆಯೂ ಇದೆ. ಅದನ್ನು ಓದಿದ ಮೇಲೆ ನೋಡುವುದು ಉಳಿದಿರಲಿಲ್ಲ. ಅವು ನೀರವಂಜಿಗಳು.

ಸಮಿತಿ ಒಪ್ಪಿತು. ತಿರುವಿಗೆ ಇನ್ನೆರಡು ಮಳೆಗಾಲ ಕೊಟ್ಟಿದ್ದಾರೆ. ಬರುವ ಚಳಿಗಾಲದಲ್ಲಿ ದೂರದ ಮರಗಳಿಂದ ಕಡ್ಡಿ ತಂದು ನಡುನಡುವೆ ಊರಲೇಬೇಕು ಎಂದಿದ್ದಾರೆ, ಅದನ್ನು ಬೇರೆಯವರು ಕಡಿಯುತ್ತಾರೆ, ನೀನಲ್ಲ. ತಿರುವು ನನ್ನ ಕೈಗೆ ಮರಳಿ ಬಂದಿಲ್ಲ, ಬರುವುದೂ ಅನುಮಾನ. ಪಾಯ ನಿಲ್ಲಿಸುವ ಆಜ್ಞೆ ಬುಧವಾರ ಟೈಪಾಗುತ್ತದಂತೆ. ಟೈಪಾದ ಕೂಡಲೇ ಕೈಯಲ್ಲಿ ಹಿಡಿದು ನಾನೇ ಬರುತ್ತೇನೆ.

ಆದರೆ ಕಲ್ಲಿನವರು ಸೋಮವಾರ ಬೆಳಿಗ್ಗೆಯೇ ಗುದ್ದಲಿ ಹಿಡಿದು ಬರುತ್ತಾರೆ. ನಡುವೆ ಎರಡು ಹಗಲು ಇವೆ. ದಾರದ ಪಕ್ಕ ಕುರ್ಚಿ ಹಾಕಿಕೋ, ಅವರಿಗೂ ಬೆಂಚು ಹಾಕಿಸು. ಏಳನೇ ಕ್ಲಾಸಿನ ಅಕ್ಷರದ ಕಥೆಯಿಂದ ಶುರು ಮಾಡು. ಯಾವುದನ್ನೂ ಚಿಕ್ಕದು ಮಾಡಬೇಡ. ನಾನು ಬರುವವರೆಗೆ ಒಬ್ಬನೂ ಬೆಂಚಿನಿಂದ ಏಳಬಾರದು.

ಗುಬ್ಬಿ